ಬಾಯಿಗೆ ಬಂದದ್ದು ಕೂಗಿ

ಕೂಗುವುದು ನನ್ನ ಕೆಲಸ. ಸಿನಿಮಾದಲ್ಲಿ ಬೆಂಕಿ ಬಿದ್ದಾಗ, ಬಸ್ಸು ಉರುಳಿದಾಗ, ಮಂತ್ರಿ ಬಂದಾಗ ಹಿಂದಿನಿಂದ ಒಂದು ಗುಂಪು ಕೂಗುತ್ತದಲ್ಲ, ಆ ಗುಂಪಿನಲ್ಲಿ ನಾನಿದ್ದೇನೆ. ತೆರೆಯ ಮೇಲೆ ಬಾಯಿ ತೆರೆಯುವವರು ಬೇರೆಯವರು. ಅವರು ಬಿಸಿಲಲ್ಲಿ ನಿಂತು ಬಾಯಿ ಆಡಿಸಿ ಮನೆಗೆ ಹೋಗಿರುತ್ತಾರೆ. ಆಮೇಲೆ ನಮ್ಮನ್ನು ಒಂದು ಕತ್ತಲೆ ಕೋಣೆಗೆ ತುಂಬಿ, ಮಧ್ಯೆ ಮೈಕು ನಿಲ್ಲಿಸಿ, ಆ ಬಾಯಿಗಳಿಗೆಲ್ಲ ದನಿ ಹಾಕಿಸುತ್ತಾರೆ. ನಮಗೆ ಯಾರೂ ಮಾತು ಬರೆದು ಕೊಡುವುದಿಲ್ಲ. ಬರೆದ ಮಾತೆಲ್ಲ ಹೀರೋಗೆ. ನಮಗೆ ಹೇಳುವುದು ಇಷ್ಟೇ: "ಬಾಯಿಗೆ ಬಂದದ್ದು ಕೂಗಿ."

ಆ ಕೋಣೆಗೆ ಕಿಟಕಿ ಇಲ್ಲ. ಗೋಡೆಗೆಲ್ಲ ಸ್ಪಂಜು ಬಡಿದಿದ್ದಾರೆ. ಸದ್ದು ಬರುತ್ತದೆಂದು ಫ್ಯಾನು ಹಾಕುವುದಿಲ್ಲ. ಗಾಜಿನ ಆಚೆ ತಣ್ಣನೆಯ ಕೋಣೆಯಲ್ಲಿ ಸೌಂಡ್ ಇಂಜಿನಿಯರೂ ಡೈರೆಕ್ಟರೂ ಕೂತಿರುತ್ತಾರೆ. ಈಚೆ ನಾವು ಬೆವರು ಸುರಿಸುತ್ತ ನಿಂತಿರುತ್ತೇವೆ. ಸಂಜೆಯ ಹೊತ್ತಿಗೆ ಗಂಟಲು ಹುಣ್ಣಾಗಿ ಎಂಜಲು ನುಂಗಲೂ ಆಗುವುದಿಲ್ಲ. ಸಿನಿಮಾ ಮುಗಿದ ಮೇಲೆ ತೆರೆಯಲ್ಲಿ ಹೆಸರುಗಳು ಹರಿಯುತ್ತವೆ. ಕಾರು ಓಡಿಸಿದವನ ಹೆಸರಿದೆ, ಹೀರೋನ ನಾಯಿಗೆ ಅನ್ನ ಹಾಕಿದವನ ಹೆಸರೂ ಇದೆ. ನಮ್ಮದಿಲ್ಲ. ಇಲ್ಲದ್ದೇ ನನಗೆ ಒಳ್ಳೆಯದಾಗಿತ್ತು. ನನಗೆ ಬೇಕಾದದ್ದು ಯಾರ ಕಣ್ಣಿಗೂ ಬೀಳದ ಕೆಲಸ.

ನಮ್ಮನ್ನು ಒಟ್ಟುಮಾಡಿ ಕರೆತರುವವಳನ್ನು ನಾವು ಗಂಟಲಕ್ಕ ಅನ್ನುತ್ತೇವೆ. ಗುಂಡುಗುಂಡಗಿನ ಹೆಂಗಸು. ಅವಳು ಫೋನಿನಲ್ಲಿ ಮಾತಾಡಿದರೆ ಫೋನೇ ಬೇಡ, ಹಾಗೇ ಕೇಳಿಸುತ್ತದೆ. ಅವತ್ತು ಬೆಳಿಗ್ಗೆ ಹಿಂಬಾಗಿಲ ಮೆಟ್ಟಿಲ ಮೇಲೆ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದಳು: "ಹೊಸ ಡೈರೆಕ್ಟರು. ಮೊದಲನೇ ಪಿಚ್ಚರು. ಕೊಲೆ ಕೇಸಂತೆ, ನಿಜವಾಗಿ ನಡೆದದ್ದಂತೆ. ಎರಡು ದಿನದ ಕೆಲಸ. ಹುಡುಗ ಒಳ್ಳೆಯವನ ಥರ ಕಾಣ್ತಾನೆ, ತಲೆ ತಿನ್ನಬೇಡಿ."

ಒಳ್ಳೆಯವನೇ. ಬಾಗಿಲಲ್ಲಿ ನಿಂತು ನಮಗೆಲ್ಲ ಕೈಮುಗಿದ. ನನ್ನನ್ನು ಅಮ್ಮಾ ಅಂದ. ಸಣಕಲು ಮೈ, ನಿದ್ದೆಗೆಟ್ಟ ಕಣ್ಣು. ಈ ಕೆಲಸಕ್ಕೆ ಬಂದ ಮೇಲೆ ನಮಗೆ ಕೈಮುಗಿದ ಡೈರೆಕ್ಟರನ್ನು ನಾನು ನೋಡಿದ್ದು ಅದೇ ಮೊದಲು.

ದೀಪ ಆರಿತು. ಚಿತ್ರದ ಒಂದೊಂದು ತುಣುಕನ್ನೇ ತಿರುಗಿಸಿ ತಿರುಗಿಸಿ ಓಡಿಸುತ್ತಾರೆ, ಅದಕ್ಕೆ ಲೂಪು ಅಂತಾರೆ. ಮೊದಲನೇ ಲೂಪಿನಲ್ಲಿ ಒಂದು ದೊಡ್ಡ ಮನೆ. ಅದರ ಹಿತ್ತಲು. ಹಿತ್ತಲಲ್ಲಿ ಸಿಮೆಂಟಿನ ಮುಚ್ಚಳದ ಮಲದ ಗುಂಡಿ. ಒಬ್ಬ ಆಳು ಆ ಕಡೆ ಈ ಕಡೆ ನೋಡಿ ಮುಚ್ಚಳ ಸರಿಸುತ್ತಾನೆ. ಅವನ ಕೈಯಲ್ಲಿ ಒಂದು ಪುಟ್ಟ ಹುಡುಗಿ. ಅವಳ ಕಾಲು ಹಿಡಿದು ಗುಂಡಿಯೊಳಗೆ ಬಿಡುತ್ತಾನೆ. ಆಮೇಲೆ ನಮ್ಮ ಕಡೆ ತಿರುಗುತ್ತಾನೆ. ಬಲಗೆನ್ನೆಯ ಮೇಲೆ, ಕಣ್ಣಿನ ಕೆಳಗಿನಿಂದ ಗಲ್ಲದವರೆಗೆ, ಸುಟ್ಟ ಗಾಯದ ಗುರುತು.

ಆ ಗುರುತು ನನಗೆ ಗೊತ್ತು. ಗುಂಡಿಯ ಗ್ಯಾಸು ಹೊತ್ತಿಕೊಂಡು ಆದದ್ದು. ಅದಕ್ಕೆ ಮುಲಾಮು ಸವರಿದ ಕೈ ನನ್ನದು. ನಟ ಯಾರೋ, ಆದರೆ ಅದು ನಮ್ಮಣ್ಣನ ಮುಖ.

ನಡೆದದ್ದು ಹೇಳಿಬಿಡುತ್ತೇನೆ. ನಮ್ಮಣ್ಣ ಮಲದ ಗುಂಡಿ ಬಳಿಯುವವನು. ಅವನು ಒಳಗೆ ಇಳಿದರೆ ನಾನು ಮೇಲೆ ಹಗ್ಗ ಹಿಡಿದು ನಿಲ್ಲುತ್ತಿದ್ದೆ. ಒಳಗಿನ ಗ್ಯಾಸು ಬಡಿದವನಿಗೆ ಬಡಿದದ್ದೇ ತಿಳಿಯುವುದಿಲ್ಲ. ಅದಕ್ಕೇ ಮೇಲಿದ್ದವರು ಬಿಡದೆ ಕೂಗುತ್ತಿರಬೇಕು. "ಅಣ್ಣಾ, ಉಸಿರಿದೆಯಾ?" ಅಂತ ನಾನು. "ಇದೆ" ಅಂತ ಅವನು. ಉತ್ತರ ಬರಲಿಲ್ಲವೋ, ಎಳೆದುಬಿಡಬೇಕು. ನನ್ನ ಗಂಟಲು ಪಳಗಿದ್ದು ಅಲ್ಲಿ, ಸ್ಟುಡಿಯೋದಲ್ಲಲ್ಲ.

ಆ ದೊಡ್ಡ ಮನೆಯ ಮಗು ಕಾಣೆಯಾಗಿತ್ತು. ಊರೆಲ್ಲ ಹುಡುಕುತ್ತಿದ್ದರು. ಅದರ ನಡುವೆ ಅವರ ಗುಂಡಿ ಕಟ್ಟಿಕೊಂಡಿತು ಅಂತ ನಮ್ಮನ್ನು ಕರೆಸಿದರು. ಅಣ್ಣ ಇಳಿದ. ನಾನು ಕೂಗಿದೆ. ಅವನು "ಇದೆ" ಅನ್ನಲಿಲ್ಲ. ನಾನು ಹಗ್ಗ ಜಗ್ಗಿದರೆ, "ಎಳೀಬೇಡ, ಮಗು ಇದೆ ಇಲ್ಲಿ" ಅಂದ. ಹೆಗಲ ಮೇಲೆ ಹಾಕಿಕೊಂಡು ಮೇಲೆ ತಂದ. ನೆಲದ ಮೇಲೆ ಮಲಗಿಸಿ, ನಾವು ಕುಡಿಯಲು ಇಟ್ಟುಕೊಂಡಿದ್ದ ನೀರಿನಲ್ಲಿ ಅದರ ಮುಖ ತೊಳೆದ. ಕಿವಿಯ ಹಿಂದೆಲ್ಲ ತೊಳೆದ. ಜನ ಸೇರಿದರು. ಯಾರೋ ಒಬ್ಬ ಕೇಳಿದ: "ಗುಂಡಿಯೊಳಗಿದೆ ಅಂತ ಇವನಿಗೆ ಹೇಗೆ ಗೊತ್ತಾಯ್ತು?"

ಅಷ್ಟೇ. ಅಷ್ಟೇ ಸಾಕಾಯಿತು. ಅವರೇ ಕರೆಸಿದ್ದು ಅಂತ ಯಾರಿಗೂ ನೆನಪಾಗಲಿಲ್ಲ. ಕಲ್ಲಲ್ಲಿ ಹೊಡೆದರು, ನಮ್ಮದೇ ಬಕೆಟ್ಟಿನಲ್ಲಿ ಹೊಡೆದರು. ಪೊಲೀಸರು ಬಂದು ಮಿಕ್ಕದ್ದನ್ನು ಠಾಣೆಯಲ್ಲಿ ಹೊಡೆದರು. ನಾನು ಕಂಡದ್ದು ಹೇಳಿದರೆ, "ತಂಗಿ ಅಂದಮೇಲೆ ಅಣ್ಣನ ಪರ ಹೇಳದೆ ಇನ್ನೇನು ಹೇಳ್ತಾಳೆ" ಅಂದರು. ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತ ಮೇಲೆ ಕೋರ್ಟು ಬಿಟ್ಟಿತು. ಇವನು ಮಾಡಿಲ್ಲ ಅಂದಿತು. ಪೇಪರಿನವರು "ಪಾರಾದ" ಅಂತ ಬರೆದರು. ಮಾಡಿದವನು ಯಾರು ಅಂತ ಯಾರೂ ಹುಡುಕಲಿಲ್ಲ, ಹುಡುಕುವ ಮನಸ್ಸೂ ಯಾರಿಗೂ ಇದ್ದಂತಿರಲಿಲ್ಲ. ಕೈಗೆ ಒಬ್ಬ ಸಿಕ್ಕಿದ್ದನಲ್ಲ.

ಈಗ ಅಣ್ಣ ನನ್ನ ಜೊತೆ ಇದ್ದಾನೆ. ಗುರುತಿಲ್ಲದ ಬೀದಿ, ಒಂದೇ ಕೋಣೆ. ಅವನಿಗೆ ಬಿಸಿಲು ಆಗಿಬರುವುದಿಲ್ಲ, ಮೈಯೆಲ್ಲ ಗುಳ್ಳೆ ಏಳುತ್ತದೆ ಅಂತ ಅಕ್ಕಪಕ್ಕದವರಿಗೆ ಹೇಳಿದ್ದೇನೆ. ಹಗಲೆಲ್ಲ ಒಳಗೆ ಕೂತು ಚೀಲಗಳಿಗೆ ಹಿಡಿ ಹೊಲಿಯುತ್ತಾನೆ. ಬಾಗಿಲು ತಟ್ಟಿದರೆ ಮಂಚದ ಕೆಳಗೆ ಸರಿಯುತ್ತಾನೆ. ದೊಡ್ಡ ಆಳು, ಮಂಚದ ಕೆಳಗೆ.

ಈ ಪಿಚ್ಚರು ಬಂದರೆ? ಆ ಮುಖ ಗೋಡೆಗೋಡೆಯ ಮೇಲೆ ಅಂಟುತ್ತದೆ. ನಮ್ಮ ಬೀದಿಯ ಗೋಡೆಗೂ ಅಂಟುತ್ತದೆ. ಆಮೇಲೆ ಅವನನ್ನು ಯಾವ ಮಂಚದ ಕೆಳಗೆ ಬಚ್ಚಿಡಲಿ?

"ಅಮ್ಮಾ, ನೀವು ಕೂಗ್ತಿಲ್ಲ," ಎಂದು ಸ್ಪೀಕರಿನಿಂದ ದನಿ ಬಂತು. ಡೈರೆಕ್ಟರು. ಗಂಟಲಕ್ಕ ಮೊಣಕೈಯಿಂದ ತಿವಿದಳು. ನಾನು ಕೂಗಿದೆ. ಮಗು ಎಲ್ಲಿ, ಮಗು ಎಲ್ಲಿ ಅಂತ ಕೂಗಿದೆ. ಹೊಟ್ಟೆಪಾಡು ಅಂತಲ್ಲ, ಸುಮ್ಮನಿದ್ದರೆ ಯಾಕೆ ಅಂತ ಕೇಳುತ್ತಾರಲ್ಲ, ಆ ಭಯಕ್ಕೆ ಕೂಗಿದೆ.

ಊಟದ ಬಿಡುವಿನಲ್ಲಿ ಡೈರೆಕ್ಟರು ನಮ್ಮ ಜೊತೆಗೇ ಮೆಟ್ಟಿಲ ಮೇಲೆ ಕೂತ. ದೊಡ್ಡ ಮನುಷ್ಯನಾಗದೆ ಕೂತ. "ಈ ಕೇಸು ಓದಿದಾಗಿಂದ ನನಗೆ ನಿದ್ದೆ ಇಲ್ಲ," ಅಂದ. "ಕೋರ್ಟು ಬಿಟ್ಟುಬಿಡ್ತು. ಆದರೆ ನಾವು ಬಿಡಬಾರದು, ಅಲ್ವಾ? ಅದಕ್ಕೇ ಕೊನೇ ಸೀನಿನಲ್ಲಿ ಜನಾನೇ ತೀರ್ಪು ಕೊಡ್ತಾರೆ."

"ಭೇಷ್!" ಎಂದ ನಮ್ಮ ಗುಂಪಿನ ದಪ್ಪ ದನಿಯವನು. ಅವನನ್ನು ನಾವು ನಗಾರಿ ಅನ್ನುತ್ತೇವೆ. "ಅಂಥವನ್ನ ಹಾಗೇ ಮಾಡ್ಬೇಕು ಸಾರ್."

ನನ್ನ ಬಾಯಿ ಸುಮ್ಮನಿರಲಿಲ್ಲ. "ಎಲ್ಲರನ್ನೂ ಕೇಳಿ ಬರೆದಿದ್ದೀರಾ ಸಾರ್?" ಅಂದೆ.

"ಎಲ್ಲರನ್ನೂ ಅಮ್ಮಾ. ಪೊಲೀಸರು, ಲಾಯರು, ಆ ಮನೆಯವರು, ಬೀದಿಯವರು. ಎರಡು ವರ್ಷ ಅಲೆದಿದ್ದೀನಿ."

"ಅವನನ್ನ?"

"ಯಾರನ್ನ? ಓ, ಅವನನ್ನಾ? ಸಿಗಲಿಲ್ಲ." ಅವನು ತಟ್ಟೆ ಎತ್ತಿಕೊಂಡು ಎದ್ದ. ಬದುಕಿರುವವನನ್ನು ಕೇಳದೆಯೇ ಅವನ ಕಥೆ ಮುಗಿಸಿದ್ದಾನೆ. ನನಗೆ ಉರಿಯಿತು. ಆದರೆ ಉರಿಗಿಂತ ಭಯ ದೊಡ್ಡದಿತ್ತು. ನಾನು ಅನ್ನ ಕಲಸಿಕೊಂಡು ಕೂತೆ.

"ಅಕ್ಕಾ, ತಲೆ ಸುತ್ತುತ್ತಿದೆ, ಮನೆಗೆ ಹೋಗ್ತೀನಿ," ಎಂದು ಗಂಟಲಕ್ಕನ ಕಿವಿಯಲ್ಲಿ ಹೇಳಿದೆ.

"ಬೆಳಿಗ್ಗೆ ಕಲ್ಲುಗುಂಡಿನ ಹಾಗಿದ್ದೆ, ಈಗ ಏನು ಬಂತು ನಿನಗೆ? ಕೊನೇ ಸೀನು ಒಂದಿದೆ. ಕೂಗಿಬಿಟ್ಟು ಹೋಗು ಮಾರಾಯ್ತಿ."

ಕೊನೆಯ ಸೀನಿನಲ್ಲಿ ಅದೇ ಹಿತ್ತಲು. ಕೋರ್ಟಿನಿಂದ ಬಿಡುಗಡೆಯಾದ ಅವನನ್ನು ಜನ ಎಳೆದು ತರುತ್ತಾರೆ. ಹೊಡೆಯುತ್ತಾರೆ. ಅವನು ಕೈಮುಗಿಯುತ್ತಾನೆ, ಆ ನಟ ಚೆನ್ನಾಗಿಯೇ ಮುಗಿದಿದ್ದ. ಗುಂಡಿಯ ಮುಚ್ಚಳ ತೆಗೆಯುತ್ತಾರೆ. ಅವನನ್ನು ಒಳಗೆ ತಳ್ಳುತ್ತಾರೆ. ಅದಕ್ಕೆ ನಾವು ಕೂಗಬೇಕು. "ಕೋಪ ಬೇಕು, ಖುಷಿಯೂ ಬೇಕು," ಎಂದ ಡೈರೆಕ್ಟರು. "ಬಾಯಿಗೆ ಬಂದದ್ದು ಕೂಗಿ."

ಕೆಂಪು ದೀಪ ಹತ್ತಿತು. "ಹಾಕ್ರೋ ಒಳಗೆ!" ಎಂದ ನಗಾರಿ. "ಬಿಡಬೇಡಿ ಅವನ್ನ!" "ಸಾಯಲಿ!" ಗಂಟಲಕ್ಕ ಕೊರಳುಬ್ಬಿಸಿ "ಮುಚ್ಚಿ, ಮುಚ್ಚಿ!" ಅಂದಳು. ನಾನು ಬರೀ ತುಟಿ ಆಡಿಸುತ್ತಿದ್ದೆ. ತೆರೆಯ ಮೇಲೆ ಅವನು ಗುಂಡಿಗೆ ಬಿದ್ದ. ತಲೆ ಕಪ್ಪುನೀರಿನೊಳಗೆ ಹೋಯಿತು. ಮುಚ್ಚಳ ಎಳೆದರು.

"ಅಣ್ಣಾ! ಉಸಿರಿದೆಯಾ? ಹಗ್ಗ ಹಿಡ್ಕೋ ಅಣ್ಣಾ!"

ಕೂಗಿದ್ದು ನಾನೇ. ಬೇಕೆಂದು ಕೂಗಲಿಲ್ಲ. ಗುಂಡಿಯೊಳಗೆ ತಲೆ ಮುಳುಗಿದರೆ ಹಾಗೆ ಕೂಗಬೇಕೆಂದು ಈ ಗಂಟಲಿಗೆ ಗೊತ್ತಿತ್ತು, ಕೂಗಿಬಿಟ್ಟಿತು. ಮಿಕ್ಕವರ ದನಿ ಒಂದೊಂದಾಗಿ ನಿಂತಿತು.

ಗಾಜಿನ ಆಚೆ ಇಂಜಿನಿಯರು ತಲೆಯ ಮೇಲೆ ಕೈ ಇಟ್ಟುಕೊಂಡ. ಡೈರೆಕ್ಟರು ಮಾತ್ರ ಎದ್ದು ನಿಂತಿದ್ದ. ಅದನ್ನೇ ಹಿಂದಕ್ಕೆ ಓಡಿಸಿ ಕೇಳಿದ. ಸ್ಪೀಕರಿನಲ್ಲಿ ನನ್ನ ದನಿ ನನಗೇ ಕೇಳಿಸಿತು. ಅವನು ಬಾಗಿಲು ತಳ್ಳಿಕೊಂಡು ನಮ್ಮ ಕೋಣೆಗೇ ಓಡಿಬಂದ. ಕಣ್ಣು ಹೊಳೆಯುತ್ತಿತ್ತು.

"ಯಾರಮ್ಮಾ ಅದು? ನೀವಾ? ಅಬ್ಬಾ! ಎಂಥಾ ಕೂಗು! ನಾನು ಬರೆದೇ ಇರಲಿಲ್ಲ ನೋಡಿ. ಅವನಿಗೂ ಒಬ್ಬ ತಂಗಿ ಇದ್ದಳು, ಜನ ಕೇಳಲಿಲ್ಲ, ಮುಚ್ಚಳ ಹಾಕೇಬಿಟ್ಟರು ಅಂತ ಆಗುತ್ತೆ. ಥಿಯೇಟರಿನಲ್ಲಿ ರೋಮ ಎದ್ದು ನಿಲ್ಲುತ್ತೆ. ಇದನ್ನ ನೀವೊಬ್ಬರೇ ಮೈಕಿನ ಹತ್ರ ನಿಂತು ಇನ್ನೊಂದು ಸಲ ಹೇಳಿ, ಕ್ಲೀನಾಗಿ ತಗೋತೀನಿ."

"ಇಲ್ಲ ಸಾರ್."

"ಒಂದೇ ಒಂದು ಸಲ."

"ಇಲ್ಲ. ಆಗಿರೋದನ್ನೂ ಅಳಿಸಿಬಿಡಿ."

"ಯಾಕಮ್ಮಾ? ಚೆನ್ನಾಗಿದೆ ಅಂತಿದ್ದೀನಲ್ಲ."

"ಚೆನ್ನಾಗಿದೆ ಅಂತೀಯಲ್ಲ, ಅದಕ್ಕೇ!" ಅಂದೆ. ಏಕವಚನ ಬಂದುಬಿಟ್ಟಿತ್ತು. "ಆ ಕೂಗು ನಿನ್ನ ಪಿಚ್ಚರಿಗಲ್ಲ. ಅವನು ನಮ್ಮಣ್ಣ. ಅವನು ಮಗೂನ ಒಳಗೆ ಹಾಕಲಿಲ್ಲ, ಹೊರಗೆ ತೆಗೆದ. ಹಗ್ಗ ಹಿಡಿದು ನಿಂತಿದ್ದೋಳು ನಾನು. ಕಣ್ಣಾರೆ ಕಂಡೋಳು ನಾನು. ಎರಡು ವರ್ಷ ಅಲೆದೆ ಅಂದ್ಯಲ್ಲ, ನಮ್ಮ ಮನೆ ಬಾಗಿಲಿಗೆ ಬಂದ್ಯಾ?"

ನಗಾರಿ ನನ್ನಿಂದ ಒಂದು ಹೆಜ್ಜೆ ದೂರ ಸರಿದ. ಡೈರೆಕ್ಟರ ಮುಖ ಬಿಳಿಚಿತು, ಮರುಗಳಿಗೆಯೇ ಮತ್ತೆ ರಕ್ತ ಬಂತು. ಇವನು ತಪ್ಪಾಯ್ತು ಅನ್ನುತ್ತಾನೆ ಅಂದುಕೊಂಡೆ. ಅವನು ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಅವರು ಈಗ ಎಲ್ಲಿದ್ದಾರೆ?"

ಆಗ ತಿಳಿಯಿತು ನಾನು ಏನು ಮಾಡಿಕೊಂಡೆ ಅಂತ. ಎಷ್ಟೋ ವರ್ಷ ಬಚ್ಚಿಟ್ಟಿದ್ದನ್ನು ನಾನೇ ನಡುಕೋಣೆಗೆ ತಂದು ಹಾಕಿದ್ದೆ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಎರಡು ಸ್ಟಾಪು ಮೊದಲೇ ಇಳಿದು, ಸುತ್ತಿ ಬಳಸಿ ಮನೆ ಸೇರಿದೆ.

ಬಾಗಿಲಿಗೆ ಅಗುಳಿ ಹಾಕಿ, "ಏಳು, ಗಂಟುಮೂಟೆ ಕಟ್ಟು, ಹೋಗೋಣ," ಅಂದೆ. ಅಣ್ಣ ಸೂಜಿ ಹಿಡಿದುಕೊಂಡೇ ನನ್ನನ್ನು ನೋಡಿದ. ನಾನು ಅಳುತ್ತ ಎಲ್ಲ ಹೇಳಿದೆ. ಅಷ್ಟರಲ್ಲಿ ಫೋನು ಬಂತು, ಗಂಟಲಕ್ಕ. ಅವಳ ದನಿ ಎಂದೂ ಅಷ್ಟು ಸಣ್ಣಗೆ ಇರಲಿಲ್ಲ.

"ನಿನ್ನ ಮನೆ ಎಲ್ಲಿ ಅಂತ ಕೇಳ್ತಿದ್ದಾರೆ ಕಣೇ. ಡೈರೆಕ್ಟರು ಒಂದು ಸಲ, ಆ ಪ್ರೊಡ್ಯೂಸರ್ ಕಡೆಯವರು ಎರಡು ಸಲ. ಗೊತ್ತಿಲ್ಲ ಅಂದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ ಅನ್ನಲಿ?" ಆಮೇಲೆ ಹೇಳಿದಳು: "ನಾನೂ ಮುಚ್ಚಿ ಮುಚ್ಚಿ ಅಂತ ಕೂಗಿದೆನಲ್ಲೇ. ಮೊದಲೇ ಹೇಳಬಾರದಿತ್ತಾ ನನಗೆ?"

ನಾನು ಸೀರೆಗಳನ್ನು ಚೀಲಕ್ಕೆ ತುರುಕತೊಡಗಿದೆ. ಅಣ್ಣ ಕದಲಲಿಲ್ಲ.

"ಅವನು ಮಗೂನ ಹೇಗೆ ಹಿಡ್ಕೊಂಡಿದ್ದ?" ಎಂದು ಕೇಳಿದ.

"ಯಾರು?"

"ಪಿಚ್ಚರಿನಲ್ಲಿ. ನಾನು ಅಂತ ಇದ್ದಾನಲ್ಲ, ಅವನು."

"ಕಾಲು ಹಿಡಿದು. ತಲೆ ಕೆಳಗಾಗಿ."

ಅಣ್ಣ ಸೂಜಿಯನ್ನು ಚೀಲಕ್ಕೆ ಚುಚ್ಚಿಟ್ಟ. ಜೈಲಿನಲ್ಲಿ ಹಲ್ಲು ಉದುರಿಸಿಕೊಂಡು ಬಂದಾಗಲೂ ಅವನ ಮುಖ ಹಾಗಾಗಿದ್ದನ್ನು ನಾನು ನೋಡಿರಲಿಲ್ಲ. "ನಾನು ಹೆಗಲ ಮೇಲೆ ಹಾಕ್ಕೊಂಡಿದ್ದೆ," ಅಂದ. "ಅದರ ತಲೆಗೆ ತಾಗದ ಹಾಗೆ ಕೈ ಅಡ್ಡ ಇಟ್ಟಿದ್ದೆ. ಸತ್ತಿದೆ ಅಂತ ಗೊತ್ತಿತ್ತು, ಆದರೂ ಇಟ್ಟಿದ್ದೆ."

"ಅಣ್ಣಾ, ಈಗ ಅದೆಲ್ಲ ಬೇಡ. ಬಾ."

"ಎಲ್ಲಿಗೆ?"

ನಾನು ಇನ್ನೊಂದು ಸೀರೆ ಎಳೆದು ಚೀಲಕ್ಕೆ ತುರುಕಿದೆ. "ನಾಳೆಯೂ ಕೆಲಸ ಇದೆ ಅಂದ್ಯಲ್ಲ ನಿನಗೆ," ಅಂದ. "ನಾನೂ ಬರ್ತೀನಿ."

"ಹುಚ್ಚು ಹಿಡಿದಿದೆಯಾ ನಿನಗೆ? ಹೊಡೆದು ಸಾಯಿಸಿಬಿಡ್ತಾರೆ!"

"ಇವತ್ತೇ ಸಾಯಿಸಿದ್ರಂತಲ್ಲ," ಅಂದ. ನಗಲಿಲ್ಲ.

ಬೆಳಿಗ್ಗೆ ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಹೊರಟ. ಬೀದಿಗೆ ಕಾಲಿಟ್ಟವನೇ ನಿಂತುಬಿಟ್ಟ. ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಎದುರುಮನೆಯಾಕೆ "ನಿಮ್ಮಣ್ಣಂಗೆ ಬಿಸಿಲು ಆಗಲ್ಲ ಅಂದಿದ್ರಿ?" ಎಂದಳು. "ಈಗ ಸ್ವಲ್ಪ ವಾಸಿ," ಅಂದೆ. ಬಸ್ಸಿನಲ್ಲಿ ಅವನು ನನ್ನ ಕೈ ಬಿಡಲೇ ಇಲ್ಲ. ಯಾರಾದರೂ ಕೆಮ್ಮಿದರೂ ಅವನ ಬೆರಳು ಬಿಗಿಯುತ್ತಿತ್ತು. ದಾರಿಯುದ್ದಕ್ಕೂ ಇಳಿದುಬಿಡೋಣ ಅನ್ನುತ್ತಲೇ ಇದ್ದೆ.

ಸ್ಟುಡಿಯೋ ಗೇಟಿನವನು ಅಣ್ಣನನ್ನು ತಡೆದ. "ಇವರು ಯಾರು?"

ಗಂಟಲಕ್ಕ ಮೆಟ್ಟಿಲ ಮೇಲಿದ್ದಳು. ಮಫ್ಲರಿನ ಅಂಚಿನಲ್ಲಿ ಗುರುತು ಕಂಡಿತು ಅಂತ ಕಾಣುತ್ತದೆ, ಅವಳ ಬಾಯಿ ಒಂದು ಸಲ ತೆರೆದು ಮುಚ್ಚಿತು. ಆಮೇಲೆ, "ನಮ್ಮ ಗುಂಪಿನೋರೇ, ಬಿಡಪ್ಪಾ," ಅಂದಳು.

ಕೋಣೆಯೊಳಗೆ ನಾವೆಲ್ಲ ಅರ್ಧಸುತ್ತಿನಲ್ಲಿ ನಿಂತೆವು. ಗಾಜಿನ ಆಚೆ ಡೈರೆಕ್ಟರು ನನ್ನನ್ನು ಕಂಡು ಕೈ ಎತ್ತಿದ, ಬಂದೆಯಲ್ಲ ಎನ್ನುವ ಹಾಗೆ. ದೀಪ ಆರಿತು, ನಿನ್ನೆ ಕೆಟ್ಟುಹೋದ ಅದೇ ಲೂಪು ಓಡಿತು. ಹಿತ್ತಲು. ಎಳೆದು ತರುತ್ತಿದ್ದಾರೆ. ಕೆಂಪು ದೀಪ ಹತ್ತಿತು.

ಅಣ್ಣ ನನ್ನ ಕೈ ಬಿಟ್ಟ. ಮುಂದೆ ನಡೆದು ಮೈಕಿನ ಪಕ್ಕ ನಿಂತ. ತೆರೆಗೆ ಬೆನ್ನು ಹಾಕಿ ನಮ್ಮ ಕಡೆ ತಿರುಗಿ ಮಫ್ಲರ್ ಬಿಚ್ಚಿದ. ಹಿಂದೆ ಆ ಮುಖ, ಮುಂದೆ ಈ ಮುಖ.

"ಕೂಗಿ," ಅಂದ.

ಯಾರೂ ಕೂಗಲಿಲ್ಲ. ನಗಾರಿ ಕೆಳಗೆ ನೋಡಿದ. ತೆರೆಯ ಮೇಲೆ ಜನ ಬಾಯಿ ಬಾಯಿ ತೆರೆದು ಹೊಡೆಯುತ್ತಿದ್ದರು, ಒಂದು ಚೂರು ಸದ್ದಿಲ್ಲ.

"ಕೂಗಿ. ನಾನೇ ಅವನು. ನಿನ್ನೆ ಕೂಗಿದ್ರಂತಲ್ಲ."

ತೆರೆಯ ಬೆಳಕಿನಲ್ಲಿ ನೋಡನೋಡುತ್ತ ಅವನ ಪ್ಯಾಂಟು ಒದ್ದೆಯಾಯಿತು. ಒದ್ದೆ ಪಾದದವರೆಗೆ ಇಳಿದು ನೆಲದ ಮೇಲೆ ಹರಡಿತು. ಅವನಿಗೂ ಅದು ತಿಳಿಯಿತು. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡ, ಆದರೆ ಜಾಗ ಬಿಡಲಿಲ್ಲ.

"ಯಾಕೆ ಸೈಲೆಂಟು? ಏನಾಯ್ತು ಅಲ್ಲಿ?" ಎಂದಿತು ಸ್ಪೀಕರು. ದೀಪ ಹತ್ತಿತು. ಡೈರೆಕ್ಟರು ಬಾಗಿಲು ತೆರೆದು ಒಳಗೆ ಬಂದ. ಎರಡು ಹೆಜ್ಜೆ ಇಟ್ಟು ನಿಂತ. ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಆ ಗುರುತನ್ನು ಅವನೇ ಮೇಕಪ್ಪಿನವನ ಪಕ್ಕ ನಿಂತು ಬರೆಸಿದ್ದನಲ್ಲ.

"ನಾನು ಸಿಗಲಿಲ್ಲ ಅಂದ್ರಂತೆ," ಎಂದ ಅಣ್ಣ. "ಬಂದಿದ್ದೀನಿ."

"ಸಾರ್... ನಾನು... ಕೂತು ಮಾತಾಡೋಣ. ನಿಮ್ಮ ಕಡೆಯ ಕಥೆಯೂ..."

"ಕಥೆ ಇಲ್ಲ ಸಾರ್. ಮಗೂನ ಮೇಲೆ ತಂದೆ, ಅಷ್ಟೇ. ಇವರಿಗೆ ಬಾಯಿ ಬರ್ತಿಲ್ಲ. ನೀವು ಕೂಗಿ. ನನ್ನ ಮುಖ ನೋಡ್ಕೊಂಡು, ಗುಂಡಿಗೆ ಹಾಕ್ರೋ ಇವನ್ನ ಅಂತ ಒಂದು ಸಲ ಕೂಗಿ. ಕೂಗೋಕೆ ಆದ್ರೆ ಪಿಚ್ಚರು ಬಿಡಿ. ನಾನು ಅಡ್ಡ ಬರಲ್ಲ."

ಡೈರೆಕ್ಟರು ಅಣ್ಣನ ಮುಖ ನೋಡಿದ. ನೆಲದ ಮೇಲಿನ ಒದ್ದೆ ನೋಡಿದ. ಆಮೇಲೆ ಅವನ ಕೈ, ತನಗೇ ಗೊತ್ತಿಲ್ಲದ ಹಾಗೆ, ಜೇಬಿನಿಂದ ಫೋನು ತೆಗೆದು ಅಣ್ಣನ ಕಡೆ ಎತ್ತಿತು.

"ಕೈ ಇಳಿಸೋ!"

ಗಂಟಲಕ್ಕ. ಆ ಕೂಗಿಗೆ ಗಾಜಿನ ಆಚೆ ಇಂಜಿನಿಯರು ಕಿವಿಯ ಹೆಡ್‌ಫೋನ್ ಕಿತ್ತೆಸೆದ. "ಮನುಷ್ಯ ನಿಂತಿದ್ದಾನೆ ಅಲ್ಲಿ! ಕಣ್ಣಿಲ್ವಾ ನಿನಗೆ? ಇಳಿಸೋ ಕೈ!"

ಫೋನು ಕೆಳಗಿಳಿಯಿತು. ನಾನು ಓಡಿ ಹೋಗಿ ಅಣ್ಣನ ತೋಳು ಹಿಡಿದೆ. ಮೈ ಮಂಜಿನಷ್ಟು ತಣ್ಣಗಿತ್ತು. ಈ ಕೋಣೆಯಿಂದ ಹೊರಗೆ ಯಾರು ಕಾದಿದ್ದಾರೋ, ನಾಳೆ ಏನಾಗುತ್ತದೋ.

"ಸಾಕು ಅಣ್ಣಾ, ಬಾ ಹೋಗೋಣ," ಎಂದು ಎಳೆದೆ.

ಅಣ್ಣ ಕಣ್ಣು ತೆರೆದು ಡೈರೆಕ್ಟರನ್ನೇ ನೋಡುತ್ತಿದ್ದ.

"ಇರು," ಅಂದ. "ಅವರಿನ್ನೂ ಕೂಗಿಲ್ಲ."